ಹಿಡಿಸೂಡಿ ಮುಟ್ಟದ ಕಾರ್ಪೆಟ್ಟು

ನಾನು ಒಂದು ಕಾರ್ಪೆಟ್ಟು. ರತ್ನಗಂಬಳಿ ಎಂದು ಯಾರಾದರೂ ಕರೆದರೆ ನನಗೆ ಮೈಯೆಲ್ಲ ಉರಿಯುತ್ತದೆ. ನನ್ನಲ್ಲಿ ರತ್ನವೂ ಇಲ್ಲ, ಉಣ್ಣೆಯೂ ಇಲ್ಲ. ಪ್ಲಾಸ್ಟಿಕ್ ಕಾಳುಗಳನ್ನು ಕರಗಿಸಿ, ಶಾವಿಗೆಯ ಹಾಗೆ ಎಳೆ ತೆಗೆದು, ಆ ಎಳೆಗಳನ್ನು ಯಂತ್ರದ ಸೂಜಿಗಳಿಂದ ಚುಚ್ಚಿ ಚುಚ್ಚಿ ನನ್ನನ್ನು ಮಾಡಿದರು. ಮೇಲೆ ಹಸಿರು ಬಣ್ಣ, ಬೆನ್ನಿಗೆ ಕಪ್ಪು ರಬ್ಬರು. ಹುಟ್ಟುವಾಗಲೇ ಅಷ್ಟು ಚುಚ್ಚಿಸಿಕೊಂಡದ್ದಕ್ಕೋ ಏನೋ, ನನಗೆ ಸಿಟ್ಟು ಬೇಗ ಬರುತ್ತದೆ. ಈ ಕಥೆಯನ್ನು ಸಮಾಧಾನದಿಂದ ಹೇಳುತ್ತೇನೆಂದು ಮಾತು ಕೊಡಲಾರೆ.

ಮಂಗಳೂರಿನ ಒಂದು ಅಂಗಡಿಯಲ್ಲಿ ಸುರುಳಿಯಾಗಿ ನಿಂತಿದ್ದೆ. ಬಂದವರಿಗೆಲ್ಲ ಅಂಗಡಿಯವನು ಒಂದೇ ಮಾತು ಹೇಳುತ್ತಿದ್ದ. "ಒಳಗೂ ಹಾಕ್ಬಹುದು, ಹೊರಗೂ ಹಾಕ್ಬಹುದು ಮೇಡಂ. ಬಿಸಿಲು ಬರ್ಲಿ, ಮಳೆ ಬರ್ಲಿ, ಇದಕ್ಕೆ ಎಂತ ಆಗುದಿಲ್ಲ." ನನಗೆ ಏನೂ ಆಗುವುದಿಲ್ಲ, ಅದು ನಿಜ. ನನ್ನ ಮೇಲೆ ಕುಳಿತವರಿಗೆ ಏನಾಗುತ್ತದೆಂದು ಅವನು ಹೇಳಲಿಲ್ಲ. ನನ್ನ ಎಳೆಗಳ ನಡುವೆ ಧೂಳು ಕೂರುತ್ತದೆ, ಬೆನ್ನಿನ ಕೆಳಗೆ ನೀರು ನಿಲ್ಲುತ್ತದೆ. ಆಗಾಗ ಎತ್ತಿ ಬಡಿಯಬೇಕು, ನೀರು ಹೊಯ್ದು ತೊಳೆದರೆ ಎರಡೂ ಮಗ್ಗುಲು ಬಿಸಿಲಿಗೆ ಒಣಗಿಸಬೇಕು. ಇಷ್ಟೇ ನನ್ನ ಬೇಡಿಕೆ. ಇಷ್ಟನ್ನು ಹೇಳಲು ಅವನ ನಾಲಿಗೆ ಸವೆದುಹೋಗುತ್ತಿತ್ತೇ?

ನನ್ನನ್ನು ಮೊದಲು ಕೊಂಡವಳು ಅದೇ ಊರಿನ ಬಿಜೈಯ ಒಂದು ಫ್ಲ್ಯಾಟಿನ ಸುಮತಿ ಮೇಡಂ. ಬಾಲ್ಕನಿಯಲ್ಲಿ ಹಾಸಿದಳು. ಆಕೆಗೆ ಶುಚಿಯ ಹುಚ್ಚು. ವಾರವಾರವೂ ಬಟ್ಟೆ ಒಗೆಯುವ ಪುಡಿಯನ್ನು ನನ್ನ ಮೇಲೆ ಧಾರಾಳವಾಗಿ ಸುರಿದು ಬ್ರಷ್ಷಿನಿಂದ ತಿಕ್ಕುವಳು, ಆಮೇಲೆ ಒಂದು ಚೊಂಬು ನೀರು ಚಿಮುಕಿಸಿ ಆಯಿತೆಂದು ಒಳಗೆ ಹೋಗುವಳು. ಸೋಪೆಲ್ಲ ನನ್ನೊಳಗೇ ಉಳಿಯುತ್ತಿತ್ತು. ಸೋಪಿನ ಅಂಟಿಗೆ ಕೊಳೆ ಬಂದು ಹಿಡಿಯುತ್ತಿತ್ತು. ಕೊಳೆ ಕಂಡ ಕೂಡಲೇ ಇನ್ನಷ್ಟು ಸೋಪು. ಕೊನೆಗೆ ನನ್ನ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲು ಚಟಕ್ಕೆಂದು ಅಂಟಿಕೊಳ್ಳುತ್ತಿತ್ತು. "ಥೂ, ದರಿದ್ರ ಕಾರ್ಪೆಟ್ಟು, ಎಷ್ಟು ತೊಳೆದ್ರೂ ಗಲೀಜು" ಎಂದು ನನ್ನನ್ನೇ ಬೈದಳು. ತನ್ನ ಕೈಯನ್ನು ಬೈದುಕೊಳ್ಳಲಿಲ್ಲ. ಸೋಪಿನ ನೀರು ಕೆಳಗಿನ ಮನೆಯವರ ಹಪ್ಪಳದ ಮೇಲೆ ತೊಟ್ಟಿಕ್ಕಿ ದೊಡ್ಡ ಜಗಳವಾದ ಮೇಲೆ, ನನ್ನನ್ನು ಸುತ್ತಿ ಕಾರ್ಕಳದ ಕಡೆಯ ಒಂದು ಸಭಾಭವನಕ್ಕೆ ಸಾಗಹಾಕಿದಳು. ಅಲ್ಲಿ ಆಕೆಯ ಮೈದುನ ಮ್ಯಾನೇಜರ್ ಆಗಿದ್ದ.

ಸಭಾಭವನದಲ್ಲಿ ನಾನು ಕಂಡ ಹಿಂಸೆ ಹೇಳಿ ಮುಗಿಯುವಂಥದ್ದಲ್ಲ. ಒಂದು ಮದುವೆಗೆ ಬಾಗಿಲಲ್ಲಿ ಹಾಸುತ್ತಿದ್ದರು, ಇನ್ನೊಂದಕ್ಕೆ ವೇದಿಕೆಯ ಮೇಲೆ. ಪಾಯಸ ಚೆಲ್ಲಿದರೆ ಮೇಲೊಂದು ಕುರ್ಚಿ ಇಟ್ಟು ಮರೆಮಾಡುತ್ತಿದ್ದರು. ಎಲೆ ಅಡಿಕೆ ಉಗುಳಿದ ಮಹಾನುಭಾವರೂ ಇದ್ದರು. ತೊಳೆಯುವಾಗ ಫೋಟೊದಲ್ಲಿ ಬೀಳುವ ಭಾಗವನ್ನು ಮಾತ್ರ ತೊಳೆದು, ಒದ್ದೆ ಆರುವ ಮೊದಲೇ ಸುತ್ತಿ ಮೆಟ್ಟಿಲ ಕೆಳಗೆ ತುರುಕುತ್ತಿದ್ದರು. ಮುಂದಿನ ಮದುವೆಗೆ ಬಿಚ್ಚಿದಾಗ ನನ್ನ ವಾಸನೆಗೆ ಅವರೇ ಮೂಗು ಮುಚ್ಚಿಕೊಂಡು ಅತ್ತರು ಸಿಂಪಡಿಸುತ್ತಿದ್ದರು. ಮದುಮಕ್ಕಳು ಆ ಅತ್ತರಿನ ಮೇಲೆ ನಿಂತು ನಗುತ್ತಿದ್ದರು.

ಆ ನರಕದಲ್ಲಿ ನನಗಿದ್ದ ಒಂದೇ ಸುಖವೆಂದರೆ ಸುಗಂಧಿಯ ಸ್ಯಾಕ್ಸೊಫೋನ್. ನಮ್ಮ ಕರಾವಳಿಯಲ್ಲಿ ಮದುವೆಗೂ ದೇವಸ್ಥಾನಕ್ಕೂ ಸ್ಯಾಕ್ಸೊಫೋನ್ ಊದುತ್ತಾರಲ್ಲ, ಹಾಗೆ ಊದುವ ಒಂದು ವಾದ್ಯದ ಸೆಟ್ಟು ವೇದಿಕೆಯ ಪಕ್ಕ ನನ್ನ ಮೇಲೆ ಕೂರುತ್ತಿತ್ತು. ಸೆಟ್ಟಿನ ಯಜಮಾನ ಉಗ್ಗಪ್ಪ ಸೇರಿಗಾರ. ಹಿಂದೆ ನಾಗಸ್ವರದಲ್ಲಿ ಹೆಸರು ಮಾಡಿದವನು. ಮುಂದಿನ ಹಲ್ಲುಗಳು ಬಿದ್ದು, ಊದುವುದು ನಿಂತು, ಈಗ ಮಗಳನ್ನು ಮುಂದೆ ಕೂರಿಸಿದ್ದ. ವಯಸ್ಸಾದವರನ್ನು 'ಅವರು' ಎನ್ನಬೇಕು, ಗೊತ್ತು. ಈ ಮನುಷ್ಯನಿಗೆ ಅಷ್ಟು ಮರ್ಯಾದೆ ಕೊಡಲು ನನ್ನಿಂದಾಗದು. ಯಾಕೆಂದು ಮುಂದೆ ತಿಳಿಯುತ್ತದೆ.

ಸುಗಂಧಿಯ ಮುಖವನ್ನು ನಾನು ಸರಿಯಾಗಿ ಕಂಡದ್ದು ಬಹಳ ತಡವಾಗಿ. ಮೊದಲು ಗೊತ್ತಾದದ್ದು ಅವಳ ಕಾಲು. ಬಲಗಾಲಿನ ಹೆಬ್ಬೆರಳಿನಿಂದ ತಾಳ ಹಾಕುತ್ತಿದ್ದಳು, ನನ್ನ ಎಳೆಗಳಿಗೆ ಕಚಗುಳಿಯಾಗುವಷ್ಟು ಮೆಲ್ಲಗೆ. ಧಾರೆಯ ಹೊತ್ತಿಗೆ ಅವಳು ಮೇಲಿನ ಷಡ್ಜದಲ್ಲಿ ನಿಂತಳೆಂದರೆ ಆ ಸ್ವರ ಮುಗಿಯುತ್ತಲೇ ಇರಲಿಲ್ಲ. ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಫೋನ್ ನೋಡುತ್ತ ಕೂತವರು ತಲೆ ಎತ್ತುತ್ತಿದ್ದರು. ಅಷ್ಟು ಉಸಿರು ಆ ಸಣ್ಣ ಮೈಯಲ್ಲಿ ಎಲ್ಲಿತ್ತೋ. ಹೆಣ್ಣುಮಗಳೊಬ್ಬಳು ಸೆಟ್ಟಿನ ಮುಂದೆ ಕೂತು ಊದುವುದನ್ನು ಕಂಡು ಮೂಗು ಮುರಿದವರೂ ಊಟದ ಹೊತ್ತಿಗೆ ಅವಳ ಹೆಸರು ಕೇಳುತ್ತಿದ್ದರು.

ಸಭಾಭವನಕ್ಕೆ ಕೆಂಪು ಕಾರ್ಪೆಟ್ಟು ಬಂದಾಗ ಮ್ಯಾನೇಜರ್ ನನ್ನನ್ನು ಉಗ್ಗಪ್ಪನಿಗೆ ಕೊಟ್ಟ. ನಾನು ಸುಗಂಧಿಯ ಮನೆಗೆ ಹೋಗುತ್ತೇನೆಂದು ತಿಳಿದು ಹಿಗ್ಗಿದೆ. ಹಿಗ್ಗಿದ್ದು ನನ್ನ ದಡ್ಡತನ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಸುಗಂಧಿಯ ತಾಯಿ ಬೇಬಿಯಕ್ಕ ನನ್ನನ್ನು ಬಾವಿಕಟ್ಟೆಗೆ ಒಯ್ದು, ಕೊಡಗಟ್ಟಲೆ ನೀರು ಹೊಯ್ದು, ಬಿಜೈಯ ಸೋಪನ್ನೂ ಸಭಾಭವನದ ಪಾಯಸವನ್ನೂ ತೊಳೆದಳು. ಬಿಸಿಲಲ್ಲಿ ಒಣಗಿಸಿ ಜಗಲಿಯಲ್ಲಿ ಹಾಸಿದರು. ಬೆಳಿಗ್ಗೆ ಸುಗಂಧಿ ನನ್ನ ಮೇಲೆ ಕೂತು ಸಾಧನೆ ಮಾಡುತ್ತಿದ್ದಳು. ಗಾಳಿ ಆಡುತ್ತಿತ್ತು. ಬೇಬಿಯಕ್ಕ ಹಿಡಿಸೂಡಿ ಹಿಡಿದು ದಿನವೂ ನನ್ನನ್ನು ಗುಡಿಸುತ್ತಿದ್ದಳು. ಹಿಡಿಸೂಡಿ ಎಂದರೆ ತೆಂಗಿನ ಕಡ್ಡಿಗಳ ಪೊರಕೆ. ಅದರ ಮೊನೆ ಎಳೆಗಳ ನಡುವೆ ಇಳಿದು ಧೂಳನ್ನೆಲ್ಲ ಎಬ್ಬಿಸಿದಾಗ, ಬೆನ್ನು ಕೆರೆದುಕೊಂಡಷ್ಟು ಸುಖ.

ಪಕ್ಕದ ಮನೆಯಲ್ಲಿ ಸದಾನಂದ ಮಾಸ್ಟ್ರು ಎಂಬ ನಿವೃತ್ತ ಮೇಷ್ಟ್ರು. ಒಂದು ದಿನ ಬೇಲಿಯ ಆಚೆ ನಿಂತು ಹೇಳಿದರು.

"ಉಗ್ಗಪ್ಪ, ಮಗಳ ವಾದ್ಯ ಒಳ್ಳೇದೇ. ಆದ್ರೆ ದಿನಾ ಬೆಳಿಗ್ಗೆ ಬೆಳಿಗ್ಗೆ ನಮ್ಗೆ ಕಷ್ಟ ಆಗ್ತದೆ ಮಾರಾಯ. ಒಳಗೆ ಎಲ್ಲಾದ್ರೂ ಕೂತು ಊದ್ಲಿಕ್ಕೆ ಹೇಳು."

ಉಗ್ಗಪ್ಪ ತಲೆ ಬಗ್ಗಿಸಿದ. ಮಗಳ ಮೇಲೆ ಗುಡುಗುವ ಗಂಡಸು ಬೇಲಿಯ ಆಚೆಯವರ ಮುಂದೆ ಬೆಕ್ಕಿನ ಮರಿಯಾದ. ಅಂದೇ ನನ್ನನ್ನು ಒಳಗಿನ ಕೋಣೆಗೆ ಎಳೆದರು. ಹಿಂದೆ ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಕೋಣೆ. ಇದ್ದ ಒಂದು ಕಿಟಕಿಯನ್ನು ಮುಚ್ಚಿ, ಸಂದಿಗೆ ಹಳೇ ಬಟ್ಟೆ ತುರುಕಿದರು. ನೆಲ ಸಿಮೆಂಟಿನದು, ಮಳೆಗಾಲ ಬಂತೆಂದರೆ ಬೆವರುವ ನೆಲ. ಒಳಗೂ ಹಾಕಬಹುದು ಎಂದಿದ್ದನಲ್ಲ ಅಂಗಡಿಯವನು, ಅವನನ್ನು ತಂದು ಆ ಕೋಣೆಯಲ್ಲಿ ಒಂದು ದಿನ ಮಲಗಿಸಬೇಕಿತ್ತು.

ಅದನ್ನೂ ಸಹಿಸುತ್ತಿದ್ದೆ. ಸಹಿಸಲಾಗದ್ದು ನಡೆದದ್ದು ಆಯುಧಪೂಜೆಯ ದಿನ. ಡೋಲು, ತಾಳ, ಉಗ್ಗಪ್ಪನ ಹಳೆಯ ನಾಗಸ್ವರ, ಸುಗಂಧಿಯ ಸ್ಯಾಕ್ಸೊಫೋನ್ ಎಲ್ಲವನ್ನೂ ನನ್ನ ಮೇಲೆ ಸಾಲಾಗಿ ಇಟ್ಟರು. ಹೂವು, ಕುಂಕುಮ, ಧೂಪ. ತೆಂಗಿನಕಾಯಿ ಒಡೆದು ನೀರನ್ನು ಸುತ್ತಲೂ ಪ್ರೋಕ್ಷಿಸಿದರು. ಮರುದಿನ ಬೇಬಿಯಕ್ಕ ಎಂದಿನಂತೆ ಹಿಡಿಸೂಡಿ ತಂದಾಗ ಉಗ್ಗಪ್ಪ ಬಾಗಿಲಲ್ಲೇ ತಡೆದ.

"ಇನ್ನು ಇದಕ್ಕೆ ಹಿಡಿಸೂಡಿ ಮುಟ್ಟಿಸ್ಬಾರ್ದು. ವಿದ್ಯೆ ಕೂತ ಜಾಗ ಇದು."

"ಮತ್ತೆ ಗುಡಿಸುದು ಹೇಗೆ?"

"ಒದ್ದೆ ಬಟ್ಟೆಯಲ್ಲಿ ಒರ್ಸು. ಅರಸಿನದ ನೀರು ಹಾಕು. ಎತ್ತುದು, ಕೊಡವುದು ಎಂತದೂ ಬೇಡ. ಪೀಠ ಅಲುಗಾಡ್ಬಾರ್ದು."

ಪೀಠವಂತೆ. ಪಾಯಸ ಕುಡಿದ, ಉಗುಳು ತಿಂದ ಪ್ಲಾಸ್ಟಿಕ್ಕು ಒಂದೇ ದಿನದಲ್ಲಿ ಪೀಠವಾಯಿತು. ಅಂದಿನಿಂದ ಆ ಮನೆಯವರೆಲ್ಲ ಕೋಣೆಗೆ ಬಂದರೆ ಬಗ್ಗಿ ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳತೊಡಗಿದರು. ನನ್ನ ಧೂಳು ಅವರ ಕಣ್ಣಿಗೆ ಹೋಗುತ್ತಿತ್ತು. ಬೇಬಿಯಕ್ಕ ದಿನವೂ ಒದ್ದೆ ಬಟ್ಟೆ ಆಡಿಸಿ, ಅರಸಿನದ ನೀರು ಚಿಮುಕಿಸಿ, ಧೂಪ ಹಾಕಿ ಹೋಗುವಳು. ಆ ನೀರು ಇಂಗಿ ಬೆನ್ನಿಗೆ ಇಳಿಯುತ್ತಿತ್ತು. ಇಳಿದದ್ದಕ್ಕೆ ಹೋಗಲು ದಾರಿಯಿಲ್ಲ, ಕೆಳಗೆ ರಬ್ಬರು, ಅದರ ಕೆಳಗೆ ಸಿಮೆಂಟು. ಮಳೆಗಾಲದಲ್ಲಿ ನೆಲದ ಬೆವರೂ ಸೇರಿತು. ನನ್ನ ಬೆನ್ನಿನಲ್ಲಿ ಮೊದಲು ಬಿಳಿ ಚುಕ್ಕಿ ಎದ್ದಿತು, ಆಮೇಲೆ ಹಸಿರು, ಆಮೇಲೆ ಕಪ್ಪು. ಬೂಷ್ಟು. ನಾನು ಮಾಡಿದ್ದಲ್ಲ ಅದು, ಅವರು ಸಾಕಿದ್ದು. ದಿನವೂ ನೀರೆರೆದು, ಕೈ ಮುಗಿದು ಸಾಕಿದ್ದು.

ಸುಗಂಧಿಗೆ ಕೆಮ್ಮು ಹತ್ತಿತು. ಮೊದಲು ಬೆಳಿಗ್ಗೆ ಮಾತ್ರ, ಆಮೇಲೆ ಊದುವಾಗಲೂ. ಮೇಲಿನ ಷಡ್ಜ ಅರ್ಧಕ್ಕೆ ನಡುಗಿ ನಿಲ್ಲತೊಡಗಿತು. ವಾದ್ಯವನ್ನು ಬದಿಗಿಟ್ಟು, ಎರಡೂ ಕೈಯನ್ನು ನನ್ನ ಮೇಲೆ ಊರಿ, ತಲೆ ಬಗ್ಗಿಸಿ ಉಸಿರು ಎಳೆಯುತ್ತಿದ್ದಳು. ಆಗಲೇ ಅವಳ ಮುಖವನ್ನು ನಾನು ಹತ್ತಿರದಿಂದ ಕಂಡದ್ದು. ಹಾಗೆ ಬಗ್ಗಿದಾಗ ಅವಳ ಮೂಗು ನನ್ನಿಂದ ಒಂದು ಗೇಣು ದೂರದಲ್ಲಿರುತ್ತಿತ್ತು. ಎಳೆದ ಉಸಿರೆಲ್ಲ ನನ್ನಿಂದಲೇ ಎದ್ದದ್ದು. ಏಳು, ಹೊರಗೆ ಹೋಗು, ನನ್ನನ್ನು ಎತ್ತಿ ಎಸೆ ಎಂದು ನಾನು ಒಳಗೊಳಗೇ ಕೂಗಿ ಸಾಯುತ್ತಿದ್ದೆ.

ಉಗ್ಗಪ್ಪ ಬಾಗಿಲಲ್ಲಿ ನಿಂತು ಹೇಳುತ್ತಿದ್ದ, "ಅಭ್ಯಾಸ ಸಾಲದು. ಉಸಿರು ಕೇಳಿದ್ರೆ ಬರುದಿಲ್ಲ, ತೆಗಿಬೇಕು. ಇನ್ನೂ ಸ್ವಲ್ಪ ಹೊತ್ತು ಕೂತ್ಕೊ." ಬಾಗಿಲು ಎಳೆದುಕೊಂಡು ಹೋಗುವನು. ಅವಳು ಇನ್ನೂ ಸ್ವಲ್ಪ ಹೊತ್ತು ಕೂರುವಳು, ಇನ್ನೂ ಸ್ವಲ್ಪ ಬೂಷ್ಟು ಕುಡಿಯುವಳು. ಕೆಮ್ಮು ಹೆಚ್ಚಾದರೆ ದೃಷ್ಟಿಯಾಗಿದೆಯೆಂದು ಮುಚ್ಚಿದ ಕೋಣೆಯಲ್ಲಿ ಇನ್ನಷ್ಟು ಧೂಪ. ಡಾಕ್ಟರ ಬಳಿಗೂ ಕರೆದುಕೊಂಡು ಹೋದರು. ಬಂದವಳೇ ಬೇಬಿಯಕ್ಕ ಕೋಣೆಯಲ್ಲಿ ಕೂತು ಹೇಳಿದಳು, "ಮನೆಯಲ್ಲಿ ಧೂಳುಂಟಾ ಕೇಳಿದ್ರು ಡಾಕ್ಟ್ರು. ಧೂಳು ಎಲ್ಲಿಂದ? ದಿನಾ ಒದ್ದೆ ಬಟ್ಟೆಯಲ್ಲಿ ಒರ್ಸುದಲ್ವಾ ಅಂತ ಇವ್ರು ಹೇಳಿದ್ರು." ನನ್ನ ಮೇಲೆ ಕೂತೇ ಹೇಳಿದಳು.

ಉಡುಪಿಯ ಚಿಕ್ಕಮ್ಮನ ಮನೆಗೆ ಹೋಗಿ ಕೆಲವು ದಿನ ಇದ್ದು ಬಂದಾಗ ಸುಗಂಧಿಯ ಕೆಮ್ಮು ಇಳಿದಿತ್ತು. ಇನ್ನಾದರೂ ಇವರಿಗೆ ಬುದ್ಧಿ ಬರುತ್ತದೆ ಎಂದುಕೊಂಡೆ. ಉಗ್ಗಪ್ಪ ಏನೆಂದ ಗೊತ್ತೇ? "ಅಲ್ಲಿ ಸಾಧನೆ ಇಲ್ಲ, ಅದಕ್ಕೆ ಕೆಮ್ಮೂ ಇಲ್ಲ. ಇದೆಲ್ಲ ಉದಾಸೀನ." ನನಗೆ ಕೈ ಇದ್ದಿದ್ದರೆ ಆ ದಿನ ಅವನ ಉಳಿದ ಹಲ್ಲುಗಳೂ ಉಳಿಯುತ್ತಿರಲಿಲ್ಲ.

ಎರಡನೆಯ ಮಳೆಗಾಲ ಮುಗಿದು ಮದುವೆಗಳು ಶುರುವಾದವು. ಮೊದಲ ಮದುವೆಯಿಂದ ಅವರು ಮರಳಿದಾಗ ಅವರ ಮಾತಿನಿಂದಲೇ ನನಗೆ ಸಂಗತಿ ತಿಳಿಯಿತು. ಧಾರೆಯ ಹೊತ್ತಿಗೇ ಸುಗಂಧಿಯ ಉಸಿರು ಕಡಿದಿತ್ತು. ಕೆಮ್ಮು ಬಂದು ವಾದ್ಯವನ್ನು ಬಾಯಿಂದ ತೆಗೆದಳಂತೆ. ಉಗ್ಗಪ್ಪನ ಅಕ್ಕನ ಮಗ ತಾರಾನಾಥ ಕ್ಲಾರಿನೆಟ್ ಎತ್ತಿ ಹೇಗೋ ಆ ಜಾಗ ತುಂಬಿಸಿದನಂತೆ. ಮದುಮಗಳ ಕಡೆಯ ಹಿರಿಯರೊಬ್ಬರು, ಧಾರೆಯಲ್ಲಿ ವಾದ್ಯ ನಿಂತದ್ದು ಅಪಶಕುನ ಎಂದು ಎಲ್ಲರೆದುರು ಅಂದರಂತೆ. ಉಗ್ಗಪ್ಪ ಕೋಣೆಗೆ ಬಂದು, ನನ್ನನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, ಮಗಳ ಮುಖ ನೋಡದೆ ಹೇಳಿದ.

"ಆದಿತ್ಯವಾರ ತಾರಾನಾಥ ಬರ್ತಾನೆ. ಸ್ಯಾಕ್ಸೊಫೋನ್ ಅವನಿಗೆ ಕೊಡು. ಉಸಿರಿಲ್ಲದವರ ಕೈಯಲ್ಲಿ ವಾದ್ಯ ಇರ್ಬಾರ್ದು."

"ನಾನು ಎಂತ ಮಾಡ್ಬೇಕು ಮತ್ತೆ?" ಎಂದಳು ಸುಗಂಧಿ.

"ಅಮ್ಮನಿಗೆ ಸಹಾಯ ಮಾಡು."

ಅವಳು ಅಳಲಿಲ್ಲ. ಅತ್ತಿದ್ದರೆ ನಾನು ಇನ್ನಷ್ಟು ಒದ್ದೆಯಾಗುತ್ತಿದ್ದೆ, ಅಷ್ಟೆ. ಸ್ಯಾಕ್ಸೊಫೋನನ್ನು ಬಟ್ಟೆಯಿಂದ ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಪೆಟ್ಟಿಗೆಯ ಮೇಲೆ ಕೈಯಿಟ್ಟು ತುಂಬ ಹೊತ್ತು ಕೂತಿದ್ದಳು. ಹೆಬ್ಬೆರಳು ತಾಳ ಹಾಕಲಿಲ್ಲ.

ಆದಿತ್ಯವಾರ ಮಧ್ಯಾಹ್ನ ಅವಳು ಕೋಣೆಗೆ ಬಂದದ್ದು ಹಿಡಿಸೂಡಿ ಹಿಡಿದುಕೊಂಡು. ಚೂಡಿದಾರದ ಶಾಲನ್ನು ಮೂಗಿನ ಸುತ್ತ ಬಿಗಿದು ಕಟ್ಟಿದ್ದಳು, ಸೌದೆ ಕೊಟ್ಟಿಗೆ ಗುಡಿಸುವಾಗ ಕಟ್ಟುವ ಹಾಗೆ. ಮೊದಲ ಏಟಿಗೇ ನಾನು ಬೆಚ್ಚಿದೆ. ಗುಡಿಸುವ ಏಟಲ್ಲ ಅದು. ಬೇಬಿಯಕ್ಕ ಓಡಿ ಬಂದಳು.

"ಎಂತ ಮಾಡ್ತಿ ಮಗಾ? ಅಪ್ಪ ನೋಡಿದ್ರೆ..."

"ನೋಡ್ಲಿ. ವಾದ್ಯವೇ ಹೋಗ್ತದಂತೆ, ಇನ್ನು ಪೀಠ ಯಾರಿಗೆ?"

ಹಿಡಿಸೂಡಿಯಿಂದ ಅವಳ ಸಿಟ್ಟು ತೀರಲಿಲ್ಲ. ಅದನ್ನು ಬಿಸಾಡಿ, ನನ್ನ ಮೂಲೆ ಹಿಡಿದು ಎಳೆದಳು. ನಾನು ನೆಲಕ್ಕೆ ಕಚ್ಚಿಕೊಂಡಿದ್ದೆ. ಚರಚರನೆ ಸದ್ದು ಮಾಡುತ್ತ ಕಿತ್ತು ಬಂದೆ. ಜಗಲಿ ದಾಟಿಸಿ, ಅಂಗಳ ದಾಟಿಸಿ, ಕೆಂಪುಕಲ್ಲಿನ ಕಂಪೌಂಡಿನ ಮೇಲೆ ನನ್ನನ್ನು ಎಸೆದಳು. ಎಷ್ಟೋ ಕಾಲದ ಮೇಲೆ ಬಿಸಿಲು ಕಂಡೆ. ಸೌದೆ ರಾಶಿಯಿಂದ ತೆಂಗಿನ ಗರಿಯ ದಪ್ಪ ಬುಡ, ಕೊತ್ತಳಿಗೆ, ಎತ್ತಿಕೊಂಡು ಎರಡೂ ಕೈಯಲ್ಲಿ ಬಡಿಯತೊಡಗಿದಳು. ಎಂಥ ಏಟುಗಳು! ಅಪ್ಪನಿಗೆ ಹೊಡೆಯಬೇಕಾದದ್ದು, ಮಾಸ್ಟ್ರಿಗೆ ಹೊಡೆಯಬೇಕಾದದ್ದು, ಅಪಶಕುನ ಎಂದವರಿಗೆ ಹೊಡೆಯಬೇಕಾದದ್ದು ಎಲ್ಲ ನನ್ನ ಮೈಗೆ ಬಿದ್ದವು. ಹೊಡಿ ಮಗಳೇ, ಇನ್ನೂ ಹೊಡಿ ಎಂದುಕೊಂಡೆ. ನನ್ನೊಳಗಿನ ಅರಸಿನ, ಧೂಪದ ಬೂದಿ, ಒಣಗಿದ ಬೂಷ್ಟು ಎಲ್ಲ ಹೊಗೆಯಂತೆ ಎದ್ದು ಗಾಳಿಗೆ ಜಗಲಿಯ ಕಡೆ ಹೋಯಿತು.

ಉಗ್ಗಪ್ಪ ಊಟ ಮಾಡುತ್ತಿದ್ದವನು ಎಂಜಲು ಕೈಯಲ್ಲೇ ಇಳಿದು ಬಂದ. "ನಿಲ್ಸು. ವಿದ್ಯೆಗೆ ಹೊಡಿತಿಯಾ?"

"ವಿದ್ಯೆ ಅಲ್ಲ ಇದು. ಕಾರ್ಪೆಟ್ಟು."

ಕೊತ್ತಳಿಗೆ ಕಸಿಯಲು ಅವನು ಹತ್ತಿರ ಬಂದು, ಬಾಯಿ ತೆರೆದು ಗದರಿಸಲು ಉಸಿರೆಳೆದ. ಅದೇ ಹೊತ್ತಿಗೆ ಅವಳ ಏಟು ಬಿತ್ತು. ಧೂಳು ನೇರ ಅವನ ಗಂಟಲಿಗೆ ಹೋಯಿತು. ಕೆಮ್ಮಿದ. ಮತ್ತೆ ಕೆಮ್ಮಿದ. ಕಂಪೌಂಡಿಗೆ ಕೈ ಊರಿ, ತಲೆ ಬಗ್ಗಿಸಿ, ಕಣ್ಣಲ್ಲಿ ನೀರು ತುಂಬಿಕೊಂಡು ಕೆಮ್ಮಿದ. ನಾಗಸ್ವರ ಊದಿದ ಎದೆ ಅದು. ಸುಗಂಧಿ ಕೋಣೆಯಲ್ಲಿ ಬಗ್ಗಿ ಕೂರುತ್ತಿದ್ದಳಲ್ಲ, ಅದೇ ಭಂಗಿ, ಅದೇ ಸದ್ದು. ಬೇಬಿಯಕ್ಕ ಜಗಲಿಯಲ್ಲಿ ನಿಂತು ಗಂಡನನ್ನೂ ಮಗಳನ್ನೂ ನೋಡಿದಳು.

ಆಗಲೇ ತಾರಾನಾಥನ ಸ್ಕೂಟರು ಗೇಟಿನ ಬಳಿ ಬಂದು ನಿಂತಿತು. ಅವನು ಇಳಿದು, ಏನೂ ಅರ್ಥವಾಗದೆ, ಹೆಲ್ಮೆಟ್ಟು ಕೈಯಲ್ಲಿ ಹಿಡಿದುಕೊಂಡು ನಿಂತ. ಉಗ್ಗಪ್ಪ ಅವನತ್ತ ತಿರುಗಿ ಏನೋ ಹೇಳಲು ನೋಡಿದ. ಮಾತು ಹೊರಡಲಿಲ್ಲ. ಬರೀ ಕೆಮ್ಮು.

ಸುಗಂಧಿ ಬಡಿಯುವುದನ್ನು ನಿಲ್ಲಿಸಿ, ಮೂಗಿನ ಬಟ್ಟೆ ಕೆಳಗೆ ಸರಿಸಿದಳು.

"ಹೇಳಿ ಅಪ್ಪ. ವಾದ್ಯ ತಾರಾನಾಥನಿಗೆ ಕೊಡು ಅಂತ ಹೇಳಿ. ನಾನು ಈಗ್ಲೇ ತಂದು ಕೊಡ್ತೇನೆ. ಒಂದು ಮಾತು ಹೇಳ್ಲಿಕ್ಕೆ ಉಸಿರಿಲ್ವಾ? ಅಭ್ಯಾಸ ಸಾಲದು ನಿಮ್ಗೆ."

ಬೇಬಿಯಕ್ಕ ಚೊಂಬಿನಲ್ಲಿ ನೀರು ತಂದವಳು ಗಂಡನಿಗೆ ಕೊಡುವ ಮೊದಲು ನನ್ನ ಮೂಲೆ ಹಿಡಿದು ಮಗುಚಿದಳು. ಬೆನ್ನಿನಲ್ಲಿ ಕಪ್ಪಾಗಿ, ಹಸಿರಾಗಿ, ಬೂಷ್ಟು ಪದರ ಕಟ್ಟಿತ್ತು. ಅವಳು ಚೊಂಬನ್ನು ಕಂಪೌಂಡಿನ ಮೇಲೆ ಕುಕ್ಕಿದಳು.

"ನೀವು ಹೇಳಿದ್ರಿ ಅಂತ ದಿನಾ ನೀರು ಹಾಕಿದೆ. ನೋಡಿ, ಎಂತ ಬೆಳೆದಿದೆ ನೋಡಿ. ಇದರ ಮೇಲೆ ಕೂರಿಸಿ ಬಾಗಿಲು ಹಾಕಿದ್ದು ನನ್ನ ಮಗಳನ್ನು."

ಉಗ್ಗಪ್ಪ ನೋಡಿದ. ಚೊಂಬು ಎತ್ತಿ ನೀರು ಕುಡಿದ. ತಾರಾನಾಥನ ಕಡೆ ಕೈ ಬೀಸಿದ, ಹೋಗು ಎಂಬಂತೆ.

"ಬರುವ ವಾರ ಬರ್ಲಾ ಮಾವ?" ಎಂದ ತಾರಾನಾಥ.

ಉಗ್ಗಪ್ಪ ತಲೆ ಅಲ್ಲಾಡಿಸಿದ. ಬೇಡ. ಸ್ಕೂಟರು ತಿರುಗಿ ಹೋಯಿತು. ಸ್ಯಾಕ್ಸೊಫೋನ್ ಮನೆಯಲ್ಲೇ ಉಳಿಯಿತು.

ಕ್ಷಮೆ ಕೇಳಿದನೇ ಎಂದು ಕೇಳಬೇಡಿ. ಅಂಥ ಮಾತು ಆ ಬಾಯಲ್ಲಿ ಹುಟ್ಟಿದ್ದನ್ನು ನಾನು ಕಾಣೆ. ಆದರೆ ಆ ಕೋಣೆಯ ಕಿಟಕಿಯ ಬಟ್ಟೆಗಳನ್ನು ಅವನೇ ಕಿತ್ತು ತೆಗೆದ. ಸುಗಂಧಿ ಮತ್ತೆ ಜಗಲಿಗೆ ಬಂದಳು, ಒಂದು ಮರದ ಸ್ಟೂಲು ಹಾಕಿಕೊಂಡು. ಸದಾನಂದ ಮಾಸ್ಟ್ರು ಬೇಲಿಯ ಆಚೆ ಬಂದು ಗಂಟಲು ಸರಿಮಾಡಿಕೊಂಡಾಗ ಉಗ್ಗಪ್ಪ ಮೊದಲೇ ಹೇಳಿದ, "ಈ ಸಲ ನಿಮ್ಮ ಕಿಟಕಿ ಮುಚ್ಚಿ ಮಾಸ್ಟ್ರೇ. ನಮ್ದು ಇನ್ನು ಮುಚ್ಚುದಿಲ್ಲ." ಮಾಸ್ಟ್ರು ಆ ಮೇಲೆ ಬೇಲಿಯ ಹತ್ತಿರ ಬಂದದ್ದನ್ನು ನಾನು ನೋಡಿಲ್ಲ.

ನನ್ನ ಕೊಳೆತ ಭಾಗವನ್ನು ಕತ್ತರಿಸಿ ಎಸೆದರು. ಉಳಿದ ತುಂಡನ್ನು ತೊಳೆದು, ಎರಡೂ ಮಗ್ಗುಲು ಒಣಗಿಸಿ, ಜಗಲಿಯ ಮೆಟ್ಟಿಲ ಬುಡದಲ್ಲಿ ಹಾಕಿದ್ದಾರೆ. ಈಗ ನಾನು ಕಾಲೊರಸು. ಕೆಸರು ಕಾಲು, ಸೆಗಣಿ ಕಾಲು, ನಾಯಿಯ ಕಾಲು ಎಲ್ಲ ನನಗೇ. ಬಣ್ಣ ಹೋಗಿದೆ, ಅಂಚು ಎಳೆಎಳೆಯಾಗಿ ಬಿಚ್ಚಿಕೊಂಡಿದೆ. ಯಾರೂ ಕಣ್ಣಿಗೆ ಒತ್ತಿಕೊಳ್ಳುವುದಿಲ್ಲ. ನನ್ನ ಆಯುಷ್ಯದಲ್ಲಿ ಇಷ್ಟು ಶುಚಿಯಾಗಿ ನಾನು ಎಂದೂ ಇರಲಿಲ್ಲ. ನಿಮ್ಮ ಮನೆಯಲ್ಲೂ ನನ್ನಂಥದ್ದು ಒಂದಿದ್ದರೆ ದಯವಿಟ್ಟು ಕೈ ಮುಗಿಯಬೇಡಿ, ಎತ್ತಿ ಬಡಿಯಿರಿ.

ಸುಗಂಧಿಯ ಕೆಮ್ಮು ನಿಂತಿದೆ. ಮದುವೆಗಳಿಗೆ ಮುಂದೆ ಕೂರುವವಳು ಮತ್ತೆ ಅವಳೇ. ಆದರೆ ಕಳೆದದ್ದೆಲ್ಲ ಮರಳಿ ಬರಲಿಲ್ಲ. ಮೇಲಿನ ಷಡ್ಜದಲ್ಲಿ ಮೊದಲಿನಷ್ಟು ಹೊತ್ತು ನಿಲ್ಲಲು ಅವಳಿಗೆ ಆಗುವುದಿಲ್ಲ, ನಡುವೆ ಒಂದು ಉಸಿರು ತೆಗೆದುಕೊಳ್ಳಬೇಕು. ಹೊಸಬರು ಅದನ್ನು ಅವಳ ಶೈಲಿ ಎಂದುಕೊಳ್ಳುತ್ತಾರೆ. ಅವಳ ಎದೆಯಿಂದ ಯಾರು ಏನು ಕಿತ್ತುಕೊಂಡರೆಂದು ಗೊತ್ತಿರುವವರು ಮೂರೇ ಜನ, ಮತ್ತು ನಾನು. ಅದನ್ನು ನೆನೆದರೆ ಇವತ್ತಿಗೂ ನನ್ನ ಎಳೆ ಎಳೆಯೂ ಉರಿಯುತ್ತದೆ.

ಬೆಳಿಗ್ಗೆ ನನ್ನನ್ನು ಬಡಿಯುವ ಕೆಲಸ ಈಗ ಉಗ್ಗಪ್ಪನದು. ಯಾರೂ ಹೇಳಿದ್ದಲ್ಲ, ತಾನೇ ಹಿಡಿದುಕೊಂಡ ಕೆಲಸ. ಕಂಪೌಂಡಿನ ಮೇಲೆ ಹಾಕಿ ಕೊತ್ತಳಿಗೆಯಿಂದ ಬಡಿಯುತ್ತಾನೆ, ಜಗಲಿಯಲ್ಲಿ ಮಗಳು ಊದುತ್ತಿರುತ್ತಾಳೆ. ಅವಳು ಮೇಲಿನ ಷಡ್ಜಕ್ಕೆ ಏರಿ, ನಡುವೆ ಉಸಿರಿಗಾಗಿ ನಿಂತಾಗ, ಅವನ ಕೈ ಎತ್ತಿದ್ದು ಎತ್ತಿದಲ್ಲೇ ನಿಲ್ಲುತ್ತದೆ. ಅವಳು ಮತ್ತೆ ಸ್ವರ ಹಿಡಿಯುವವರೆಗೆ ಏಟು ಬೀಳುವುದಿಲ್ಲ.